ನಾಯ್ಕಾಪು ದಾಟಿದ ಕೈ

ಮೊನ್ನೆ ಬೆಳಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕೇಳಿದರು, “ಟೀಚರೇ, ನಮ್ಮ ಹಳೆ ಕಂಡಕ್ಟರು ಈಗ ಎಲ್ಲಿದ್ದಾರೆ?” ದೇಲಂಪಾಡಿಯಲ್ಲಿ, ಹೆಂಡತಿಯ ತವರಿನ ಹತ್ತಿರ ಮನೆ ಮಾಡಿದ್ದಾರೆ ಎಂದೆ. “ಕೈ ಸರಿ ಆಯ್ತಾ?” ಎಂದು ಮತ್ತೆ ಕೇಳಿದರು. ಆಯಿತು ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದೆ ನಾನು ಚೀಲದೊಳಗೆ ಏನನ್ನೋ ಹುಡುಕುವವಳ ಹಾಗೆ ಮಾಡಿದೆ. ಅಷ್ಟರಲ್ಲಿ ನೀರ್ಚಾಲು ಬಂತು, ಇಳಿದೆ. ಅಂಗನವಾಡಿಯ ಬೀಗ ತೆಗೆದು, ಚಾಪೆ ಹಾಸಿ, ಮಕ್ಕಳ ಗಂಜಿಗೆ ನೀರಿಟ್ಟ ಮೇಲೂ ಆ ಪ್ರಶ್ನೆ ಜೊತೆಗೇ ಇತ್ತು.

ಅವರು ಕುಂಬಳೆಯಿಂದ ಮುಳ್ಳೇರಿಯಾಕ್ಕೆ ಹೋಗುವ ಬಸ್ಸಿನ ಕಂಡಕ್ಟರು. ಸೀತಾಂಗೋಳಿಯ ಈಚೆ ಒಂದೇ ಸೂರಿನ ಕೆಳಗೆ ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳಿವೆ. ಕ್ವಾರ್ಟರ್ಸ್ ಎನ್ನುತ್ತಾರೆ. ಅಲ್ಲಿ ಅವರದೂ ನಮ್ಮದೂ ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮಲ್ಲಿ ಸೀನು ಬರುತ್ತಿತ್ತು. ಅವರು ಮತ್ತು ಹೆಂಡತಿ ಶಶಿಕಲಾ, ಇಬ್ಬರೇ. ಶಶಿಕಲಾ ಬೀಡಿ ಕಟ್ಟುತ್ತಿದ್ದಳು. ಮೊರ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತರೆ ಎದುರಿನವರ ಜೊತೆ ಮಾತಾಡುತ್ತಲೇ ಅವಳ ಬೆರಳು ಎಲೆ ಸುರುಳಿ ಮಾಡಿ, ತುದಿ ಮಡಚಿ, ನೂಲು ಸುತ್ತಿ ಬಿಡುತ್ತಿತ್ತು.

ಅವರ ಬಸ್ಸಿನಲ್ಲಿ ನಾನು ಎಷ್ಟೋ ವರ್ಷ ಓಡಾಡಿದ್ದೇನೆ. ಎಡಗೈ ಬೆರಳುಗಳ ಸಂದಿಯಲ್ಲಿ ನೋಟುಗಳನ್ನು ಉದ್ದಕ್ಕೆ ಮಡಚಿ ಸಿಕ್ಕಿಸಿರುತ್ತಿದ್ದರು. ಬಲಗೈ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಚಿಲ್ಲರೆ ಹೆಕ್ಕಿ ಕೊಡುವುದು, ಮುದುಕಿಯರ ಕೈಯಿಂದ ತರಕಾರಿ ಚೀಲ ತೆಗೆದು ಸೀಟಿನಡಿಗೆ ತಳ್ಳುವುದು, ಮತ್ತೆ ಮೇಲೆ ಹೋಗಿ ಒಂದೇ ಬೆರಳಿನಿಂದ ಬೆಲ್ಲಿನ ಹಗ್ಗ ಎಳೆಯುವುದು. ತುಳು, ಮಲಯಾಳ, ಬ್ಯಾರಿ, ಕನ್ನಡ, ಯಾರು ಯಾವುದರಲ್ಲಿ ಕೇಳುತ್ತಾರೋ ಅದರಲ್ಲೇ ಉತ್ತರ. ಜನರನ್ನು ಇಳಿಯುವ ಜಾಗದ ಹೆಸರಿನಿಂದ ಕರೆಯುತ್ತಿದ್ದರು. ನಾನು ‘ನೀರ್ಚಾಲು ಟೀಚರು’. ಬೇಳದ ಒಬ್ಬ ಅಜ್ಜ ಬರೀ ‘ಬೇಳ’.

ಒಂದು ವಿಷಯದಲ್ಲಿ ಮಾತ್ರ ಅವರ ಮಾತನ್ನು ನಂಬುವ ಹಾಗಿರಲಿಲ್ಲ. ದಾರಿಯಲ್ಲಿ ಕಾಯುವವರು ಫೋನು ಮಾಡುತ್ತಿದ್ದರು, ಬಸ್ಸು ಎಲ್ಲಿಗೆ ಮುಟ್ಟಿತು ಅಂತ. ಕುಂಬಳೆ ಸ್ಟ್ಯಾಂಡಿನಲ್ಲಿ ಡ್ರೈವರು ಇನ್ನೂ ಚಾ ಕುಡಿಯುತ್ತಿರುತ್ತಿದ್ದ, ಇವರು ಫೋನಿನಲ್ಲಿ, “ಇದಾ, ನಾಯ್ಕಾಪು ದಾಟಿತು” ಎನ್ನುತ್ತಿದ್ದರು. ನಾಯ್ಕಾಪು ಕುಂಬಳೆ ಬಿಟ್ಟ ಮೇಲೆ ಸಿಗುವ ಸ್ಟಾಪು. ಒಮ್ಮೆ ಸ್ಟ್ಯಾಂಡಿನಲ್ಲೇ ಅವರ ಪಕ್ಕ ನಿಂತು ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

“ಎಂತ ಮಾರಾಯ್ರೆ, ಹೀಗೆ ಸುಳ್ಳು ಹೇಳುವುದಾ?” ಎಂದೆ.

“ಇದು ಸುಳ್ಳಲ್ಲ ಟೀಚರೇ, ಕೆಲಸ. ಹೊರಡ್ಲಿಲ್ಲ ಅಂದರೆ ಅವರು ಆಟೋ ಹತ್ತಿ ಹೋಗ್ತಾರೆ. ದಾಟಿತು ಅಂದರೆ ಕಾಯ್ತಾರೆ. ಕಾದವರಿಗೆ ಬಸ್ಸು ಸಿಗದೆ ಇರ್ತದಾ?”

ಈ ರಸ್ತೆಯ ಎಲ್ಲ ಕಂಡಕ್ಟರುಗಳೂ ಹೇಳುವುದು ಇದನ್ನೇ. ಕೇಳುವವರಿಗೂ ಗೊತ್ತು. ನಾಯ್ಕಾಪು ಎಂದರೆ ಕುಂಬಳೆ ಎಂದು ತಿಳಿದುಕೊಂಡು ಇನ್ನೊಂದು ಬಟ್ಟೆ ಒಗೆದು ಹಿಂಡಿ ಮನೆಯಿಂದ ಹೊರಡುತ್ತಾರೆ.

ಪೆಟ್ಟಾದದ್ದು ಒಂದು ಮಧ್ಯಾಹ್ನ. ಮುಳ್ಳೇರಿಯಾದಲ್ಲಿ ಬಸ್ಸು ತಿರುಗಿಸುವಾಗ ಇವರು ಹಿಂಬಾಗಿಲ ಮೆಟ್ಟಿಲಲ್ಲಿ ನಿಂತು ಬಸ್ಸಿನ ಮೈಗೆ ತಟ್ಟುತ್ತ ಹಿಂದಕ್ಕೆ ಬಿಡಿಸುತ್ತಿದ್ದರು. ಮಳೆಗೆ ಅಂಚಿನ ಮಣ್ಣು ಮೆತ್ತಗಾಗಿತ್ತು. ಚಕ್ರ ಜಾರಿ ಬಸ್ಸು ವಾಲಿತು. ಬಾಗಿಲಿಗೂ ಮೋರಿಯ ಕಟ್ಟೆಗೂ ನಡುವೆ ಅವರ ಬಲದ ತೋಳು ಸಿಕ್ಕಿಕೊಂಡಿತು. ಭುಜ ಮತ್ತು ಮೊಣಕೈಯ ನಡುವಿನ ಎಲುಬು ಮುರಿಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿ ಎಲುಬು ಕೂಡಿಸಿದರು. ಎಲುಬು ಚೆನ್ನಾಗಿಯೇ ಕೂಡಿತು. ಆದರೆ ಆ ಎಲುಬಿಗೆ ಸುತ್ತಿಕೊಂಡು ಕೆಳಗಿಳಿಯುವ ಒಂದು ನರ ಜಜ್ಜಿಹೋಗಿತ್ತು.

ಮನೆಗೆ ಬಂದ ದಿನ ನೋಡಲು ಹೋದೆ. ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು, ಒಗೆದು ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ. ನೋವೇನೂ ಇಲ್ಲ ಎಂದರು. ಹೆಬ್ಬೆರಳಿನ ಬುಡದಲ್ಲಿ, ಕೈಯ ಹಿಂಭಾಗದಲ್ಲಿ, ಒಂದು ಹಪ್ಪಳದಷ್ಟು ಜಾಗ ಮರಗಟ್ಟಿತ್ತು. ಅಲ್ಲಿ ಸೊಳ್ಳೆ ಕೂತು ರಕ್ತ ಕುಡಿದು ಹಾರಿದರೂ ಗೊತ್ತಾಗುತ್ತಿರಲಿಲ್ಲ. ಬೆರಳು ಮಡಚಲು ಬರುತ್ತಿತ್ತು, ಬಿಡಿಸಲು ಬರುತ್ತಿರಲಿಲ್ಲ. ಚಾದ ಲೋಟ ಹಿಡಿಯಬೇಕಾದರೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದೇ ಬಿಚ್ಚಿ ಲೋಟದ ಸುತ್ತ ಇಡಬೇಕು. ಕುಡಿದಾದ ಮೇಲೆ ಮತ್ತೆ ಅದೇ ಕೈಯಿಂದ ಬಿಡಿಸಬೇಕು.

“ಹಿಡಿಯುವುದಕ್ಕಿಂತ ಬಿಡುವುದು ಕಷ್ಟ ಅಂತ ಗೊತ್ತೇ ಇರ್ಲಿಲ್ಲ ಟೀಚರೇ,” ಎಂದರು.

ಮನೆಗೆ ಬಂದ ಮೇಲೆ ಮೊದಲ ಸಲ ಡಾಕ್ಟರ ಬಳಿಗೆ ಹೋಗುವಾಗ ಶಶಿಕಲಾ ನನ್ನನ್ನೂ ಕರೆದಳು. ಆಸ್ಪತ್ರೆಯ ಕೌಂಟರುಗಳೆಂದರೆ ಅವಳಿಗೆ ತಲೆ ತಿರುಗುತ್ತಿತ್ತು. ನಾನು ರಜೆ ಹಾಕಿ ಹೋದೆ. ಡಾಕ್ಟರು ವಯಸ್ಸಾದವರು, ತಾಳ್ಮೆಯ ಮನುಷ್ಯ. ಗಾಯದ ಕಲೆಯಿಂದ ಕೆಳಕ್ಕೆ ಬೆರಳಿನಿಂದ ಮೆಲ್ಲನೆ ತಟ್ಟುತ್ತ ಬಂದರು. ಒಂದು ಕಡೆ ಇವರು ಬೆಚ್ಚಿ, “ಹಾಂ, ಕರೆಂಟು ಹೊಡೆದ ಹಾಗೆ ಆಯ್ತು ಸಾರ್” ಎಂದರು.

“ನರ ಈಗ ಅಲ್ಲಿ ಉಂಟು,” ಎಂದರು ಡಾಕ್ಟರು. “ಅದು ಮೇಲಿನಿಂದ ಕೆಳಗೆ ಬೆಳೀತಾ ಬರ್ಬೇಕು. ದಿನಕ್ಕೆ ಒಂದು ಸಾಸಿವೆ ಕಾಳಿನಷ್ಟು ಅಂತ ಇಟ್ಟುಕೊಳ್ಳಿ. ಹೀಗೆ ತಟ್ಟಿದಾಗ ಕರೆಂಟು ಹೊಡೆಯುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗೆ ಇಳೀಬೇಕು. ಇಳೀದಿದ್ರೆ ನಾವು ತೆರೆದು ನೋಡ್ಬೇಕು. ಹಾಳಾದ ತುಂಡು ತೆಗೆದು ಕಾಲಿನಿಂದ ಒಂದು ನರ ತಂದು ಜೋಡಿಸ್ಬೇಕು. ಅದಕ್ಕೆ ಒಂದು ಕಾಲ ಉಂಟು. ತಡ ಮಾಡಿದ್ರೆ ಆಮೇಲೆ ನರ ಬಂದು ಮುಟ್ಟಿದ್ರೂ ಸ್ನಾಯು ಏಳುವುದಿಲ್ಲ. ನಿಮಗೇ ಮೊದಲು ಗೊತ್ತಾಗ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸಾಕು.”

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಇವರು, “ಕೈಯ ಬಸ್ಸಿಗೆ ಕಾಲಿನ ಟಯರು ಹಾಕುದಂತೆ” ಎಂದು ನಗಾಡಿದರು. ಶಶಿಕಲಾ ನಗಲಿಲ್ಲ.

ಮಾರನೆಯ ದಿನದಿಂದ ಬೆಳಗ್ಗೆ ಜಗಲಿಯಲ್ಲಿ ಕೂತು ಅಂಗಿಯ ತೋಳು ಮೇಲಕ್ಕೆ ಸರಿಸಿ ತಟ್ಟಿ ನೋಡುವುದು ಅವರ ಕೆಲಸವಾಯಿತು. ನಾನು ನಳ್ಳಿಯಲ್ಲಿ ನೀರು ಹಿಡಿಯುವ ಹೊತ್ತು ಅದು. ತಟ್ಟುತ್ತ ತಟ್ಟುತ್ತ ತೋಳಿಗೆ ಒಂದು ರೂಟು ಮಾಡಿಕೊಂಡರು. ಗಾಯದ ಕಲೆ ಕುಂಬಳೆ. ಅದರ ಕೆಳಗೆ ನಾಲ್ಕು ಬೆರಳಿನ ದೂರಕ್ಕೆ ನಾಯ್ಕಾಪು. ಮೊಣಕೈ ಸೀತಾಂಗೋಳಿ. ಮುಂಗೈಯ ನಡುವೆ ನೀರ್ಚಾಲು, ಮಣಿಕಟ್ಟು ಬದಿಯಡ್ಕ, ಬೆರಳ ತುದಿ ಮುಳ್ಳೇರಿಯಾ.

“ಎಲ್ಲಿಗೆ ಮುಟ್ಟಿತು?” ಎಂದು ಕೊಡ ಎತ್ತಿಕೊಳ್ಳುತ್ತ ಕೇಳಿದರೆ, “ಕುಂಬಳೆಯಲ್ಲೇ ಉಂಟು ಟೀಚರೇ. ಡ್ರೈವರು ಚಾ ಕುಡೀತಿದ್ದಾನೆ” ಎನ್ನುತ್ತಿದ್ದರು. ಆಗ ಹೇಳುತ್ತಿದ್ದದ್ದು ನಿಜ.

ಈ ತಮಾಷೆ ಕ್ವಾರ್ಟರ್ಸಿನ ಆಚೆಗೂ ಹೋಯಿತು. ಮನೆಯಲ್ಲಿ ಕೂತು ಬೇಸರವಾದಾಗ ಅವರು ಸುಮ್ಮನೆ ಬಸ್ಸು ಹತ್ತಿ ಮುಳ್ಳೇರಿಯಾಕ್ಕೆ ಹೋಗಿ ಬರುತ್ತಿದ್ದರು. ಮುಂದಿನ ಸೀಟಿನಲ್ಲಿ, ಬಲಗೈಯನ್ನು ಪ್ಯಾಂಟಿನ ಕಿಸೆಗೆ ಸೇರಿಸಿಕೊಂಡು. ಹತ್ತಿದವರೆಲ್ಲ ಕೇಳುವುದು ಒಂದೇ, “ಕೈ ಎಲ್ಲಿಗೆ ಮುಟ್ಟಿತು?” ಬೇಳದ ಅಜ್ಜ ಮಾತ್ರ, “ನಿನ್ನ ಬಸ್ಸು ಬರುವಷ್ಟರಲ್ಲಿ ನಾನು ಸತ್ತು ತಿಥಿ ಊಟ ಆಗ್ತದೆ ಮಾರಾಯ” ಎಂದ. ಇಡೀ ಬಸ್ಸು ನಕ್ಕಿತು. ಆ ದಿನವೇ ಇರಬೇಕು, ಇವರು ಮೊದಲ ಸಲ, “ಇಲ್ಲ ಅಜ್ಜಾ, ನಾಯ್ಕಾಪು ದಾಟಿತು” ಎಂದದ್ದು. ಬಸ್ಸಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಬಸ್ಸಿನ ಧಣಿಗೂ ಸುದ್ದಿ ಮುಟ್ಟಿತು. ಬದಲಿಗೆ ಇಟ್ಟ ಕಂಡಕ್ಟರನನ್ನು ಖಾಯಂ ಮಾಡುವುದಿಲ್ಲ, ಕೈ ಬದಿಯಡ್ಕ ಮುಟ್ಟಲಿ, ನಿನ್ನ ಜಾಗ ಹಾಗೇ ಉಂಟು ಎಂದು ಹೇಳಿ ಕಳುಹಿಸಿದರು.

ಆಮೇಲೆ ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ತಿಂಗಳಾಗುತ್ತಿದ್ದಂತೆ ಸೀತಾಂಗೋಳಿ ಬಂತು. ನಾಲ್ಕನೆಯ ತಿಂಗಳಿಗೆ ಡಾಕ್ಟರ ಬಳಿ ಒಬ್ಬರೇ ಹೋಗಿ ಬಂದರು. “ಇಳೀತಾ ಉಂಟಂತೆ, ತೆರೆಯುವುದು ಬೇಡ, ಕಾಯುವ ಅಂದರು” ಎಂದು ಶಶಿಕಲಾಗೆ ಹೇಳಿದರು. ಅವಳು ಆ ಸಂಜೆ ಅಕ್ಕಿ ಬೆಲ್ಲದ ಹಾಲುಬಾಯಿ ಮಾಡಿ ಬಾಳೆಲೆಯ ತುಂಡಿನಲ್ಲಿ ನಮಗೂ ಕೊಟ್ಟಳು. ಸೂಜಿ ಚುಚ್ಚಿ ನೋಡುವ ಒಂದು ಪರೀಕ್ಷೆಗೆ ಬರಹೇಳಿದ್ದರಂತೆ. ಅದಕ್ಕೆ ಅವರು ಹೋಗಲಿಲ್ಲ. ಬಸ್ಸು ಬರುತ್ತಾ ಇರುವಾಗ ಚೆಕ್ಕಿಂಗ್ ಯಾಕೆ ಎಂದರು.

ಶಶಿಕಲಾಳ ದಿನಚರಿಯಲ್ಲಿ ಒಂದು ಹೊಸ ಕೆಲಸ ಸೇರಿಕೊಂಡಿತ್ತು. ಬೆಳಗ್ಗೆ, ಸಂಜೆ, ತೆಂಗಿನೆಣ್ಣೆ ಬಿಸಿ ಮಾಡಿ ಗಂಡನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಣಿಕಟ್ಟನ್ನು ಮೇಲಕ್ಕೆತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮತ್ತೆ ಮಡಚುವುದು. ಬೀಡಿ ಕಟ್ಟುವ ಮೊರ ಆ ಹೊತ್ತಿಗೆ ಪಕ್ಕಕ್ಕೆ. ಹೀಗೆ ಮಾಡದಿದ್ದರೆ ಕೀಲು ಬಿಗಿಯಾಗಿ ಹೋಗುತ್ತದೆ ಎಂದು ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿದ್ದರು. ಒಂದು ದಿನವೂ ಬಿಟ್ಟದ್ದನ್ನು ನಾನು ನೋಡಲಿಲ್ಲ.

ಒಂದು ಮದುವೆಗೆ ನಾವೆಲ್ಲ ಬದಿಯಡ್ಕಕ್ಕೆ ಹೋಗಿದ್ದೆವು. ಪಂಕ್ತಿಗೆ ಎಲೆ ಹಾಕಿದಾಗ ಇವರು ಕಾಣಲಿಲ್ಲ. ಹೊರಗೆ ಚಪ್ಪಲಿ ಬಿಡುವ ಕಡೆ ನಿಂತಿದ್ದರು. ಊಟಕ್ಕೆ ಬನ್ನಿ ಎಂದೆ. “ನಂದು ಆಗ್ಲೇ ಆಯ್ತು ಟೀಚರೇ, ಮೊದಲನೆ ಪಂಕ್ತಿಯಲ್ಲಿ” ಎಂದರು. ನಾವು ಕೂತದ್ದೇ ಮೊದಲನೆಯ ಪಂಕ್ತಿ. ಜೋತುಬಿದ್ದ ಬಲಗೈಯಿಂದ ಸಾರನ್ನ ಕಲಸಿ ಬಾಯಿಯವರೆಗೆ ತರುವಷ್ಟರಲ್ಲಿ ಅರ್ಧ ಎಲೆಗೇ ಬೀಳುತ್ತಿತ್ತು. ನಾಲ್ಕು ಜನರ ಎದುರು ಎಡಗೈಯಲ್ಲಿ ಉಣ್ಣುವುದು ಅವರಿಂದಾಗದು. ಆಗ ಅವರ ಕೈ, ಅವರ ಮಾತಿನ ಪ್ರಕಾರ, ನೀರ್ಚಾಲು ಬಿಟ್ಟಿತ್ತು.

ನನಗೆ ಮನಸ್ಸಿನಲ್ಲಿ ಒಂದು ಕಸಿವಿಸಿ. ನೀರ್ಚಾಲು ದಾಟಿದ ಕೈ ಇಷ್ಟರಲ್ಲಿ ಒಂದು ಎಳೆಯಷ್ಟಾದರೂ ಏಳಬೇಡವೇ? ಮುಂಗೈ ಸೊರಗುತ್ತ ಬಂದಿತ್ತು. ಈಗ ಅವರು ತುಂಬು ತೋಳಿನ ಅಂಗಿಯನ್ನೇ ಹಾಕುತ್ತಿದ್ದರು. ಕೇಳಿದರೆ, “ಬಸ್ಸು ಬಂತು ಅಂತ ಕೂಡಲೇ ಜನ ಇಳೀತಾರಾ? ನಿಲ್ಬೇಕು, ಬಾಗಿಲು ತೆಗೀಬೇಕು” ಎನ್ನುತ್ತಿದ್ದರು. ಮಾತಿನಲ್ಲಿ ಅವರನ್ನು ಗೆಲ್ಲುವವರು ನಮ್ಮ ರೂಟಿನಲ್ಲಿ ಇರಲಿಲ್ಲ.

ವರ್ಷ ಕಳೆದು ಮತ್ತೊಂದು ಮಳೆಗಾಲವೂ ಮುಗಿಯುತ್ತ ಬಂದಿತ್ತು. ಕೊನೆಗೆ ಶಶಿಕಲಾಳೇ ಹಟ ಹಿಡಿದಳು. ನೀವು ಬರದಿದ್ದರೆ ನಾನು ಟೀಚರಕ್ಕನ ಜೊತೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬರುತ್ತೇನೆ ಎಂದಳು. ಮೂವರೂ ಹೋದೆವು.

ಡಾಕ್ಟರು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎತ್ತಿ ಎಂದರು. ಏಳಲಿಲ್ಲ. “ಕರೆಂಟು ಎಲ್ಲಿವರೆಗೆ ಬಂದಿದೆ?” ಎಂದು ಕೇಳಿದರು. ಇವರು ಮಣಿಕಟ್ಟಿನ ಮೇಲೆ ಬೆರಳಿಟ್ಟರು. “ಆ ಕಡೆ ಗೋಡೆ ನೋಡಿ. ನಾನು ತಟ್ಟುವಾಗ ಹೇಳಿ,” ಎಂದರು ಡಾಕ್ಟರು. ಇವರು ಮುಖ ತಿರುಗಿಸಿದರು. ಗೋಡೆಯಲ್ಲಿ ಎಲುಬುಗಳ ಒಂದು ಪಟ ಇತ್ತು.

ಡಾಕ್ಟರು ಮೊಣಕೈಗೆ ತಟ್ಟಿದರು. “ಹಾಂ, ಬಂತು ಸಾರ್.” ಮುಂಗೈಗೆ ತಟ್ಟಿದರು. “ಬಂತು.” ಆಮೇಲೆ ಡಾಕ್ಟರು ಬೆರಳನ್ನು ಎತ್ತಿ ಗಾಳಿಯಲ್ಲೇ ಹಿಡಿದರು. ತಟ್ಟಲಿಲ್ಲ. “ಈಗ?” ಎಂದು ಕೇಳಿದರು.

“ಹೌದು ಸಾರ್. ಈಗ ಜೋರಾಗಿ ಬಂತು. ಬೆರಳವರೆಗೆ ಹೋಯ್ತು.”

ಶಶಿಕಲಾ ಡಾಕ್ಟರ ಬೆರಳನ್ನೇ ನೋಡುತ್ತಿದ್ದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಡಾಕ್ಟರು ಬೈಯಲಿಲ್ಲ. ಕೈಯನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿ, “ನಾನು ಮುಟ್ಟಲೇ ಇಲ್ಲ” ಎಂದರು.

ಸೂಜಿಯ ಪರೀಕ್ಷೆಯೂ ಆಯಿತು. ನರ ಗಾಯದ ಕಲೆಯ ಹತ್ತಿರವೇ ಗಂಟಾಗಿ ನಿಂತಿತ್ತು. ಕೆಳಗೆ ಎಲ್ಲಿಗೂ ಬಂದಿರಲಿಲ್ಲ. ಕಾಲಿನ ನರ ಜೋಡಿಸುವ ಕಾಲ ಮೀರಿತ್ತು. ಆದರೂ ಒಂದು ದಾರಿ ಉಂಟು ಎಂದರು. ಅಂಗೈ ಕಡೆಯ ಸ್ನಾಯುಗಳಿಗೆ ಬೇರೆ ನರ, ಅವು ಗಟ್ಟಿ ಇವೆ. ಅವುಗಳಲ್ಲಿ ಕೆಲವನ್ನು ಬಿಡಿಸಿ ಕೈಯ ಹಿಂಭಾಗಕ್ಕೆ ಹೊಲಿಯಬಹುದು. ಮಣಿಕಟ್ಟು ಏಳಬಹುದು. ಬೆರಳು ಬಿಡಿಸಲಿಕ್ಕೂ ಆದೀತು, ಆದರೆ ಎಲ್ಲವೂ ಒಟ್ಟಿಗೇ. ಮೊದಲಿನ ಹಾಗೆ ಒಂದೊಂದಾಗಿ ಅಲ್ಲ. ಕೀಲುಗಳನ್ನು ಮಡಚಿ ನೋಡಿ, “ಇಷ್ಟು ಮೃದು ಇರುವುದಕ್ಕೆ ಇದು ಸಾಧ್ಯ. ಯಾರು ವ್ಯಾಯಾಮ ಮಾಡಿಸಿದ್ದು?” ಎಂದು ಕೇಳಿದರು. ಇವರು ತಲೆ ಎತ್ತದೆ, “ಇವಳು” ಎಂದರು.

ವಾಪಸು ಬರುವ ಬಸ್ಸು ತಲಪಾಡಿ ದಾಟಿತು. ಹೊಸಂಗಡಿಯಲ್ಲಿ ಬಹಳ ಜನ ಇಳಿದು ಸೀಟು ಖಾಲಿಯಾಯಿತು. ಆಗ ಶಶಿಕಲಾ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು. ಮನೆಯಲ್ಲಿ ಅವರು ತುಳುವಿನಲ್ಲಿ ಮಾತಾಡುವವರು. ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲಿ ಕೇಳಿದಳು.

“ಅಜ್ಜನಿಗೆ ಹೇಳಿದ್ರಿ, ಧಣಿಗೆ ಹೇಳಿದ್ರಿ, ಆಯ್ತು. ನಾನೂ ನಿಮಗೆ ಪ್ಯಾಸೆಂಜರಾ?”

ಅವರು ಹೇಳಿದರು, “ನಾಯ್ಕಾಪು ಮಾತ್ರ ನಿಜ ಇರ್ಬೇಕು ಶಶೀ. ಆವತ್ತು ಅಲ್ಲಿ ಎಂತದೋ ಆದ ಹಾಗೆ ಕಂಡಿತ್ತು. ಒಂದು ಸಲ ದಾಟಿತು ಅಂದ ಮೇಲೆ, ಇಲ್ಲ, ಕುಂಬಳೆಯಲ್ಲೇ ಉಂಟು ಅಂತ ಹೇಳುವುದು ಹೇಗೆ? ಎಲ್ಲರೂ ಕಾಯ್ತಾ ಇದ್ರು.”

“ನಾನು ಕಾಯ್ತಾ ಇರ್ಲಿಲ್ಲ,” ಎಂದಳು ಅವಳು. “ಎಣ್ಣೆ ಹಚ್ತಾ ಇದ್ದೆ.”

ಆಪರೇಷನ್ ಆಯಿತು. ಕೆಲವು ವಾರ ಪ್ಲಾಸ್ಟರು. ಅಷ್ಟರಲ್ಲಿ ಬಸ್ಸಿನ ಧಣಿ ಬದಲಿಯವನನ್ನೇ ಖಾಯಂ ಮಾಡಿದ್ದರು. ಅವರ ತಪ್ಪೂ ಅಲ್ಲ. ಒಟ್ಟಿಗೇ ಮುಚ್ಚಿ ಒಟ್ಟಿಗೇ ಬಿಚ್ಚುವ ಬೆರಳುಗಳು ಓಡುವ ಬಸ್ಸಿನಲ್ಲಿ ಏನು ಮಾಡಿಯಾವು? ದೇಲಂಪಾಡಿಯಲ್ಲಿ ಶಶಿಕಲಾಳ ಅಣ್ಣನದೊಂದು ಅಂಗಡಿ ಇದೆ. ಅಲ್ಲಿ ಕೂರುವುದೆಂದು ಮಾತಾಯಿತು.

ಅವರು ಹೊರಡುವ ಮುಂಚಿನ ಒಂದು ಸಂಜೆ ಅಂಗನವಾಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ಅರ್ಧ ಸಾಮಾನು ಕಟ್ಟಿ ಇಟ್ಟಿದ್ದ ಜಗಲಿಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತಿದ್ದರು. ಪ್ಲಾಸ್ಟರು ತೆಗೆದ ಕೈ ಒಂದು ಸ್ಟೂಲಿನ ಮೇಲೆ, ಹೆಬ್ಬೆರಳು ಮೇಲಾಗಿ, ಮಣಿಕಟ್ಟು ಅಂಚಿನಾಚೆಗೆ. ಈಗ ಮಣಿಕಟ್ಟನ್ನು ಎತ್ತಲು ಹೊಲಿದಿರುವ ಸ್ನಾಯುವಿನ ಹಳೆಯ ಕೆಲಸ ಅಂಗೈಯನ್ನು ಕವುಚುವುದು. ಅದಕ್ಕೆ ಹೊಸ ಕೆಲಸ ಇನ್ನೂ ಗೊತ್ತಿಲ್ಲ. ಆದ್ದರಿಂದ ಕೈ ಏಳಬೇಕಾದರೆ ಏಳು ಎಂದು ಯೋಚಿಸಬಾರದು, ಕವುಚು ಎಂದು ಯೋಚಿಸಬೇಕು. ಆಸ್ಪತ್ರೆಯಲ್ಲಿ ಹಾಗೆಂದು ಹೇಳಿಕೊಟ್ಟಿದ್ದರು. ಇವರು ಕಣ್ಣು ಮುಚ್ಚಿ, ಹುಬ್ಬು ಗಂಟು ಹಾಕಿ, ಬೆವರುತ್ತಿದ್ದರು.

“ಎದ್ದಿತಾ?” ಎಂದು ಕೇಳಿದರು.

“ಇಲ್ಲ,” ಎಂದಳು ಶಶಿಕಲಾ.

“ಎಂತದೋ ಎಳೆದ ಹಾಗೆ ಆಯ್ತು ನಂಗೆ.”

“ಆಗಿರ್ಬಹುದು. ಏಳ್ಲಿಲ್ಲ.”

ನಾನು ನಳ್ಳಿ ನಿಲ್ಲಿಸಿದೆ. ಅವರು ಕಣ್ಣು ತೆರೆಯಲಿಲ್ಲ. “ನೀನೇ ನೋಡಿ ಹೇಳು. ನಾನು ಹೇಳಿದ್ದು ಲೆಕ್ಕಕ್ಕೆ ಇಲ್ಲ,” ಎಂದರು. ಅವಳು ಸ್ಟೂಲನ್ನು ಬೆಳಕಿರುವ ಕಡೆಗೆ ಸ್ವಲ್ಪ ಎಳೆದು, ಬಗ್ಗಿ, ಅವರ ಮಣಿಕಟ್ಟಿನ ಮಟ್ಟಕ್ಕೆ ಕಣ್ಣು ತಂದು ಕುಳಿತಳು.

“ಕವುಚಿ,” ಎಂದಳು.

“ಈಗ?”

“ಇಲ್ಲ.”

“ಈಗ?”

ಅವಳು ಇನ್ನಷ್ಟು ಬಗ್ಗಿ ನೋಡಿದಳು. ಅವರು ಕಣ್ಣು ಮುಚ್ಚಿಯೇ ಕಾದರು.

“ಇಲ್ಲ,” ಎಂದಳು. “ಇನ್ನೊಮ್ಮೆ.”